ಗೇಟು ತೆರೆದಾಗಲೆಲ್ಲ ಬಿಸ್ಕತ್ತು ಬೀಳುತ್ತಿತ್ತು: ನಾಯಿಗೆ ರಿಮೋಟ್ ತಿನಿಸು ಡಬ್ಬಿ ಕೊಳ್ಳುವವರು ಓದಿ

ನಾಯಿಗೆ ಅಜಿಲಿಟಿ, ಅಂದರೆ ಅಡೆತಡೆಗಳನ್ನು ಒಂದೊಂದಾಗಿ ದಾಟಿ ಓಡುವ ಆಟ, ಕಲಿಸುತ್ತಿರುವವರು ಮತ್ತು ಅದಕ್ಕಾಗಿ ರಿಮೋಟ್ ಒತ್ತಿದರೆ ತಿನಿಸು ಉದುರಿಸುವ ಡಬ್ಬಿಯನ್ನು ಆನ್‌ಲೈನ್‌ನಲ್ಲಿ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಚಂದ್ರಿಯ ಮುಂಗಾಲಿನ ಮೂಳೆ ಬಿರುಕು ಬಿಟ್ಟಿತು. ಅದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇಲ್ಲ. ಡಬ್ಬಿಯನ್ನು ಪರೀಕ್ಷಿಸದೆ ಅವಳ ಮುಂದೆ ತಂದಿಟ್ಟವಳು ನಾನು.

ಚಂದ್ರಿ ಮುಧೋಳ ತಳಿಯ ಹೆಣ್ಣು ನಾಯಿ. ಈಗ ಮೂರು ವರ್ಷ. ನಮ್ಮದು ರಾಯಚೂರು. ಮಾನ್ವಿ ರಸ್ತೆಯಲ್ಲಿ ನಮ್ಮ ಕಾಕಾನ ಅಕ್ಕಿ ಗಿರಣಿ ಇದೆ. ಅಲ್ಲಿ ಭತ್ತ ಒಣಗಿಸುವ ಸಿಮೆಂಟ್ ಕಣ ವರ್ಷದಲ್ಲಿ ಹಲವು ತಿಂಗಳು ಖಾಲಿ ಬಿದ್ದಿರುತ್ತದೆ. ನಾನು ಕೆಲಸ ಮುಗಿಸಿ ಬಂದ ಮೇಲೆ ಸಂಜೆ ಒಂದು ಗಂಟೆ ಚಂದ್ರಿಗೆ ಅಲ್ಲಿಯೇ ಪಾಠ. ಬಡಗಿಯಿಂದ ಮಾಡಿಸಿದ ಜಿಗಿತದ ಅಡ್ಡಗೋಲುಗಳು, ನಾಯಿ ಅತ್ತಿತ್ತ ನುಸುಳಿ ಹೋಗಲು ಪ್ಲಾಸ್ಟಿಕ್ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಮಾಡಿದ ಹನ್ನೆರಡು ವೀವ್ ಕಂಬಗಳು, ಬಟ್ಟೆಯ ಸುರಂಗ ಮತ್ತು ಹಲಗೆ ಸೇತುವೆ. ಸೇತುವೆಯೆಂದರೆ ಹನ್ನೆರಡು ಅಡಿಯ ಮೂರು ಹಲಗೆಗಳು. ಒಂದರ ಮೇಲೆ ಹತ್ತಬೇಕು, ನಡುವಿನದರ ಮೇಲೆ ಓಡಬೇಕು, ಇನ್ನೊಂದರ ಮೇಲೆ ಇಳಿಯಬೇಕು. ಅಗಲ ಒಂದು ಅಡಿ, ಎತ್ತರ ನಾಲ್ಕು ಅಡಿ. ಹತ್ತುವ ಮತ್ತು ಇಳಿಯುವ ತುದಿಗಳಲ್ಲಿ ಮೂರು ಅಡಿಯಷ್ಟು ಹಳದಿ ಬಣ್ಣ ಬಳಿದಿರುತ್ತದೆ. ಇಳಿಯುವಾಗ ನಾಯಿಯ ಕಾಲು ಆ ಹಳದಿಯನ್ನು ಮುಟ್ಟಲೇಬೇಕು. ಮೇಲಿನಿಂದಲೇ ಹಾರಿ ಮೂಳೆ, ಕೀಲು ಕೆಡಿಸಿಕೊಳ್ಳಬಾರದೆಂದೇ ಆ ನಿಯಮ ಇರುವುದು. ಅದೇ ಹಳದಿ ಪಟ್ಟಿಯನ್ನು ಕಲಿಸಲು ಹೋಗಿ ನಾನು ಅವಳ ಕಾಲು ಕೆಡಿಸಿದೆ.

1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದ ಬಿಡುವಿನಲ್ಲಿ ಜನರನ್ನು ರಂಜಿಸಲೆಂದು, ಕುದುರೆ ಜಿಗಿತದ ಸ್ಪರ್ಧೆಯನ್ನು ನೋಡಿ ಕಟ್ಟಿದ ಆಟ ಇದು. ಇಂದಿಗೂ ಸ್ಪರ್ಧೆಯ ಅಂಗಳದೊಳಗೆ ತಿನಿಸು ಕೈಯಲ್ಲಿ ಹಿಡಿದು ಹೋಗುವಂತಿಲ್ಲ, ನಾಯಿಯನ್ನು ಮುಟ್ಟುವಂತಿಲ್ಲ. ನಾಯಿ ನಮಗಿಂತ ಮುಂದೆ, ನಮ್ಮಿಂದ ದೂರದಲ್ಲಿ ಓಡಬೇಕು. ಆದರೆ ಬಹುಮಾನ ಯಾವಾಗಲೂ ನಮ್ಮ ಕಿಸೆಯಿಂದಲೇ ಬರುತ್ತಿದ್ದರೆ ನಾಯಿ ತಿರುತಿರುಗಿ ನಮ್ಮ ಕೈ ನೋಡುತ್ತದೆ. ಚಂದ್ರಿಯೂ ಹಾಗೆಯೇ ಮಾಡುತ್ತಿದ್ದಳು. ಸೇತುವೆಯ ಮೇಲೆ ಅರ್ಧ ದಾರಿಗೆ ಬಂದು, ಕತ್ತು ಹೊರಳಿಸಿ, ನನ್ನ ಕಿಸೆಯ ಮೇಲೆ ಕಣ್ಣು ನೆಡುತ್ತಿದ್ದಳು. ತುದಿಯಲ್ಲಿ ಡಬ್ಬಿ ಇಟ್ಟರೆ ಅವಳ ಗಮನ ಮುಂದಕ್ಕೆ ಹೋಗುತ್ತದೆ ಎಂಬ ಸಲಹೆ ಸರಿಯಾದದ್ದೇ. ಬೇರೆ ಕಡೆ ಬಹಳ ಜನ ಹೀಗೆ ಕಲಿಸಿ ಗೆದ್ದಿದ್ದಾರೆ. ಆದ್ದರಿಂದ ಡಬ್ಬಿಯೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ.

ಜನವರಿಯಲ್ಲಿ ಸುಮಾರು ಮೂರು ಸಾವಿರ ರೂಪಾಯಿ ಕೊಟ್ಟು ತರಿಸಿದೆ. ಒಳಗೆ ತೂತುಗಳಿರುವ ಒಂದು ತಟ್ಟೆ, ಅದನ್ನು ತಿರುಗಿಸುವ ಸಣ್ಣ ಮೋಟಾರು. ರಿಮೋಟ್ ಒತ್ತಿದರೆ 'ಬೀಪ್' ಎನ್ನುತ್ತದೆ, ತಟ್ಟೆ ತಿರುಗುತ್ತದೆ, ಒಂದು ತುಣುಕು ಕೆಳಗಿನ ಬಟ್ಟಲಿಗೆ ಬೀಳುತ್ತದೆ. ಗುಂಡಿ ಒತ್ತುವುದಕ್ಕೂ ತಿನಿಸು ಬೀಳುವುದಕ್ಕೂ ನಡುವೆ ಒಂದೆರಡು ಸೆಕೆಂಡು ಹೋಗುತ್ತದೆ. ಮುಧೋಳ ನಾಯಿಗೆ ಅಷ್ಟು ಸಮಯ ಸಿಕ್ಕರೆ ಸೇತುವೆ ದಾಟಿ ಆಚೆ ಇರುತ್ತದೆ. ಹಾಗಾಗಿ ತಿನಿಸಿಗಿಂತ ಬೀಪ್ ಶಬ್ದವೇ ಮುಖ್ಯ. 'ಈ ಕ್ಷಣದಲ್ಲಿ ನೀನು ಮಾಡಿದ್ದು ಸರಿ' ಎಂದು ನಾಯಿಗೆ ಹೇಳುವುದು ಆ ಶಬ್ದ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲ ಹತ್ತು ದಿನ ನಾನು ಹಿಗ್ಗಿಹೋಗಿದ್ದೆ. ಚಂದ್ರಿ ತಿರುಗಿ ನೋಡುವುದನ್ನು ಬಿಟ್ಟಳು. ನೇರ ಓಡಿ, ಹಳದಿಯ ಮೇಲೆ ಕಾಲಿಟ್ಟು, ಬೀಪ್ ಕೇಳಿ, ಡಬ್ಬಿಗೆ ಹೋಗುತ್ತಿದ್ದಳು. ಡಬ್ಬಿಯನ್ನು ಸೇತುವೆಯ ನೇರಕ್ಕೆ ಇಡಬೇಕಿತ್ತು. ಬಿಸಿಲು ತಾಗದಿರಲೆಂದು ನಾನು ಪಕ್ಕದ ಗೋಡೆಯ ನೆರಳಿಗೆ ಸರಿಸಿದ್ದೆ. ಅದು ಮೊದಲ ತಪ್ಪು.

ಆಮೇಲೆ ಒಂದು ಸಂಜೆ ಯಾರೂ ಒತ್ತದೆ ಡಬ್ಬಿ ಬೀಪ್ ಎಂದಿತು. ರಿಮೋಟ್ ನನ್ನ ಚೀಲದಲ್ಲಿತ್ತು. ಚೀಲದಲ್ಲಿ ಏನೋ ಒತ್ತಿಕೊಂಡಿರಬೇಕು ಎಂದುಕೊಂಡೆ. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಬ್ಯಾಟರಿ ಬದಲಿಸಿದೆ. ಒಂದು ಸಂಜೆ ಒಂದು ಬಾರಿ, ಇನ್ನೊಂದು ಸಂಜೆ ಮೂರು ಬಾರಿ, ಕೆಲವು ದಿನ ಏನೂ ಇಲ್ಲ. ಮಾರಿದವರಿಗೆ ಬರೆದೆ. 'ಬ್ಯಾಟರಿಯ ತುದಿಗಳನ್ನು ಒರೆಸಿ ನೋಡಿ, ಹಿಂತಿರುಗಿಸುವ ಏಳು ದಿನದ ಅವಧಿ ಮುಗಿದಿದೆ' ಎಂಬ ಉತ್ತರ ಬಂತು. ನಾನು ಒರೆಸಿದೆ, ಪಾಠ ಮುಂದುವರಿಸಿದೆ. ಎರಡನೆಯ ತಪ್ಪು ಅದು, ಎಲ್ಲಕ್ಕಿಂತ ದೊಡ್ಡದೂ ಅದೇ. ಯಾರೂ ಒತ್ತದೆ ಒಂದೇ ಒಂದು ಬಾರಿ ಬೀಪ್ ಎಂದರೂ ಆ ಯಂತ್ರವನ್ನು ಆ ಕ್ಷಣವೇ ಎತ್ತಿಡಬೇಕು.

ಈ ನಡುವೆ ಚಂದ್ರಿ ಬದಲಾಗುತ್ತಿದ್ದಳು. ಸೇತುವೆಯ ನಡುವಿನ ಹಲಗೆಯ ಮೇಲೆ ನಿಂತು ಕಿವಿ ನಿಮಿರಿಸುವುದು, ಗೋಡೆಯ ಕಡೆಗೆ ವಾಲುವುದು, ಒಮ್ಮೊಮ್ಮೆ ಹಳದಿಗೆ ಬರುವ ಮೊದಲೇ ಪಕ್ಕಕ್ಕೆ ಹಾರುವುದು. ಹಟ ಎಂದುಕೊಂಡು ನಾನು ಅವಳನ್ನು ಗದರಿದೆ. ಎರಡು ಸಂಜೆ ಜೋರಾಗಿಯೇ ಗದರಿದ್ದೇನೆ. ಈಗ ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ, ಏಕೆಂದರೆ ಅವಳು ಕಲಿಸಿದ್ದನ್ನೇ ಮಾಡುತ್ತಿದ್ದಳು. ಕಲಿಸುತ್ತಿದ್ದದ್ದು ನಾನಲ್ಲ, ಅಷ್ಟೇ.

ಫೆಬ್ರುವರಿಯ ಕೊನೆಯ ವಾರ. ಪಕ್ಕದ ಹತ್ತಿ ಗೋದಾಮಿಗೆ ಲಾರಿ ಬಂತು. ಚಂದ್ರಿ ಆಗ ಸೇತುವೆಯ ನಡುವಿನ ಹಲಗೆಯ ಮೇಲೆ ಪೂರ್ತಿ ವೇಗದಲ್ಲಿದ್ದಳು. ಡಬ್ಬಿ ಬೀಪ್ ಎಂದಿತು. ಅವಳು ಗಾಳಿಯಲ್ಲೇ ಮೈ ತಿರುಚಿ ಗೋಡೆಯ ಕಡೆಗೆ ಹಾರಿದಳು. ನಾಲ್ಕು ಅಡಿ ಎತ್ತರದಿಂದ ಸಿಮೆಂಟಿನ ಮೇಲೆ, ಎಡ ಮುಂಗಾಲು ಮೊದಲು. ಮುಧೋಳ ನಾಯಿಯ ಕಾಲು ಎಷ್ಟು ಸಪೂರ ಎಂದು ಸಾಕಿದವರಿಗೆ ಗೊತ್ತು. ಅವಳು ಕೂಗಿದ ಕೂಗು ಕೇಳಿ ಗಿರಣಿಯ ಹಮಾಲರು ಓಡಿ ಬಂದರು. ಅಷ್ಟು ನೋವಿನಲ್ಲೂ ಅವಳು ಮೂರು ಕಾಲಿನಲ್ಲಿ ಕುಂಟುತ್ತ ಡಬ್ಬಿಯ ಬಳಿ ಹೋಗಿ ಆ ಬಿಸ್ಕತ್ತಿನ ಚೂರನ್ನು ಮೂಸಿದಳು. ತಿನ್ನಲಿಲ್ಲ.

ಎಕ್ಸ್‌ರೇಯಲ್ಲಿ ಮೂಳೆಯ ಬಿರುಕು ಕಂಡಿತು. ಪಟ್ಟಿ ಕಟ್ಟಿ ಆರು ವಾರ ಓಡಾಟ ನಿಲ್ಲಿಸಬೇಕೆಂದು ವೈದ್ಯರು ಹೇಳಿದರು. ಮುಧೋಳ ನಾಯಿಯನ್ನು ಆರು ವಾರ ಓಡದಂತೆ ಹಿಡಿದಿಡುವುದೆಂದರೆ ಮನೆಯವರೆಲ್ಲರೂ ಸರದಿಯಲ್ಲಿ ಕಾವಲು ಕೂರಬೇಕು. ಅವ್ವ ಹಗಲು, ನಾನು ರಾತ್ರಿ.

ಗುಟ್ಟು ಬಯಲಾದದ್ದು ಆ ದಿನಗಳಲ್ಲಿ. ಡಬ್ಬಿಯನ್ನು ಗಿರಣಿಯ ಕೋಣೆಯಲ್ಲಿಯೇ ಬಿಟ್ಟು ಬಂದಿದ್ದೆ, ಸ್ವಿಚ್ ಆರಿಸಿರಲಿಲ್ಲ. ಗುಮಾಸ್ತರು ಒಂದು ದಿನ ನನ್ನನ್ನು ಕರೆದು, 'ಅಕ್ಕಾ, ಪಕ್ಕದ ಗೋದಾಮಿನ ಗೇಟು ಸರಿದಾಗಲೆಲ್ಲ ಈ ಡಬ್ಬಿ ಕೂಗುತ್ತದೆ ನೋಡಿ' ಎಂದರು. ತಮ್ಮನ ಮಗನನ್ನು ಗೋದಾಮಿನ ಮಾಲೀಕರ ಬಳಿ ಕಳಿಸಿ, ಐದು ಬಾರಿ ಗೇಟು ತೆರೆಸಿ ಮುಚ್ಚಿಸಿದೆ. ಐದೂ ಬಾರಿ ಬೀಪ್, ಐದೂ ಬಾರಿ ಬಿಸ್ಕತ್ತು.

ಗೇಟು ಕೂರಿಸಿದ ಎಲೆಕ್ಟ್ರಿಷಿಯನ್ ಅದನ್ನು ಬಿಡಿಸಿ ಹೇಳಿದರು. ಅಗ್ಗದ ರಿಮೋಟ್‌ಗಳಲ್ಲಿ ಬಹಳಷ್ಟು 433 ಮೆಗಾಹರ್ಟ್ಸ್ ಎಂಬ ಒಂದೇ ರೇಡಿಯೊ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಗೇಟು, ಮೋಟಾರು, ಬಾಗಿಲ ಗಂಟೆ, ಈ ತಿನಿಸು ಡಬ್ಬಿ ಎಲ್ಲವೂ. ಒಂದರ ಆಜ್ಞೆ ಇನ್ನೊಂದಕ್ಕೆ ತಾಗದಿರಲು ಪ್ರತಿಯೊಂದಕ್ಕೂ ಒಂದು ಸಂಕೇತ ಇರುತ್ತದೆ. ಒಳ್ಳೆಯ ರಿಮೋಟ್‌ಗಳಲ್ಲಿ ಆ ಸಂಕೇತ ಒತ್ತಿದಾಗಲೆಲ್ಲ ಬದಲಾಗುತ್ತದೆ. ಅಗ್ಗದವುಗಳಲ್ಲಿ ಅದು ಸ್ಥಿರ, ಮತ್ತು ಸಾಧ್ಯವಿರುವ ಸಂಕೇತಗಳ ಸಂಖ್ಯೆಯೂ ಕಡಿಮೆ. ನನ್ನ ಡಬ್ಬಿಯದೂ ಗೋದಾಮಿನ ಗೇಟಿನದೂ ಒಂದೇ ಸಂಕೇತ. ಡಬ್ಬಿಯ ಪೆಟ್ಟಿಗೆಯ ಮೇಲೆ 'ನೂರು ಮೀಟರ್ ದೂರದಿಂದಲೂ ಕೆಲಸ ಮಾಡುತ್ತದೆ' ಎಂದು ಹೆಮ್ಮೆಯಿಂದ ಬರೆದಿತ್ತು. ನೂರು ಮೀಟರಿನೊಳಗಿರುವ ಬೇರೆಯವರ ಗುಂಡಿಗೂ ಅದು ಓಗೊಡಬಹುದು ಎಂದು ನನಗೆ ಹೊಳೆದಿರಲಿಲ್ಲ.

ಈ ವಿಷಯ ತಿಳಿದ ಮೇಲೆ ನಾನು ಓದಲು ಕುಳಿತೆ. 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಏನೇ ಮಾಡುತ್ತಿರಲಿ, ಗೊತ್ತಾದ ಅಂತರದಲ್ಲಿ ತಿನ್ನಲು ಸಿಗುವಂತೆ ಮಾಡಿದರು. ಎಂಟರಲ್ಲಿ ಆರು ಪಾರಿವಾಳಗಳು ಒಂದೊಂದು ವಿಚಿತ್ರ ಅಭ್ಯಾಸ ಹಿಡಿದವು. ಒಂದು ಗಿರಗಿರನೆ ಸುತ್ತಿತು, ಇನ್ನೊಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚುತ್ತಲೇ ಇತ್ತು. ಕಾಳು ಸಿಕ್ಕ ಗಳಿಗೆಯಲ್ಲಿ ತಾವು ಮಾಡುತ್ತಿದ್ದದ್ದಕ್ಕೂ ಕಾಳಿಗೂ ಅವು ಗಂಟು ಹಾಕಿಕೊಂಡಿದ್ದವು. ಓದುತ್ತ ಓದುತ್ತ ಚಂದ್ರಿಯೇ ಕಣ್ಣಮುಂದೆ ಬಂದಳು. ಹಲಗೆಯ ನಡುವೆ ನಿಂತು ಅವಳು ಗೋಡೆಯ ಕಡೆ ವಾಲುತ್ತಿದ್ದದ್ದು ಇದಕ್ಕೇ. ಇನ್ನೂ ಕಷ್ಟದ ಮಾತೊಂದಿದೆ. ಪ್ರತಿ ಬಾರಿಯೂ ಸಿಗುವ ಬಹುಮಾನ ನಿಂತರೆ ಅಭ್ಯಾಸ ಬೇಗ ಮಾಸುತ್ತದೆ. ಯಾವಾಗಲೋ ಒಮ್ಮೆ ಸಿಗುವ ಬಹುಮಾನದಿಂದ ಅಂಟಿದ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. ಗೋದಾಮಿಗೆ ಲಾರಿ ಬರುವುದಕ್ಕೆ ಹೊತ್ತುಗೊತ್ತು ಇರಲಿಲ್ಲವಾದ್ದರಿಂದ ನನ್ನ ನಾಯಿಗೆ ಅಂಟಿದ್ದು ಎರಡನೆಯ ಬಗೆಯದು.

ಇಂಥ ಯಂತ್ರವನ್ನು ಸರಿಯಾಗಿ ರೂಪಿಸಿದವರಲ್ಲಿ ಒಬ್ಬರು ಅಮೆರಿಕದ ಪಶುವೈದ್ಯೆ ಸೋಫಿಯಾ ಯಿನ್. ಬಾಗಿಲು ಬಡಿದರೆ ಹುಚ್ಚೆದ್ದು ನುಗ್ಗುವ ನಾಯಿಗಳನ್ನು ಶಾಂತವಾಗಿ ಒಂದು ಚಾಪೆಯ ಮೇಲೆ ಇರುವಂತೆ ಕಲಿಸಲು ಅವರು ರಿಮೋಟ್ ಡಬ್ಬಿ ಬಳಸಿದ್ದರು. ಆ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ನಾನು ಗಮನಿಸಿದ್ದು ಯಂತ್ರವನ್ನಲ್ಲ, ಅವರ ತಾಳ್ಮೆಯನ್ನು. ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಕ್ರಮ ಅವರದು. ಶಬ್ದ ಮತ್ತು ತಿನಿಸಿನ ನಂಟು ಮೊದಲು, ದೂರ ಆಮೇಲೆ, ಗದ್ದಲ ಕೊನೆಗೆ. ನಾನು ಮೂರು ದಿನದಲ್ಲಿ ಡಬ್ಬಿಯನ್ನು ನಾಲ್ಕು ಅಡಿ ಎತ್ತರದ ಸೇತುವೆಯ ಬಳಿಗೆ ಒಯ್ದಿದ್ದೆ.

ಆದ್ದರಿಂದ ಕೊಳ್ಳುವುದೇ ಆದರೆ ಮೊದಲು ಇದನ್ನು ಮಾಡಿ. ಡಬ್ಬಿಗೆ ತಿನಿಸು ಎಣಿಸಿ ತುಂಬಿ. ನೀವು ಪಾಠ ಮಾಡುವ ಜಾಗದಲ್ಲಿಯೇ, ನಾಯಿಯನ್ನು ಒಳಗೆ ಕಟ್ಟಿ, ಬೆಳಗಿನಿಂದ ರಾತ್ರಿಯವರೆಗೆ ಸ್ವಿಚ್ ಹಾಕಿ ಇಡಿ. ರಿಮೋಟನ್ನು ಮುಟ್ಟಬೇಡಿ. ರಾತ್ರಿ ಬಟ್ಟಲಿನಲ್ಲಿ ಒಂದೇ ಒಂದು ತುಣುಕು ಬಿದ್ದಿದ್ದರೂ ಆ ಡಬ್ಬಿ ಬೇಡ. ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ, ಒಂದು ದಿನವಲ್ಲ, ಮೂರು ನಾಲ್ಕು ದಿನ ಹೀಗೆ ಮಾಡಿ. ಸುತ್ತ ರಿಮೋಟ್ ಗೇಟುಗಳಿದ್ದರೆ ಅವರನ್ನು ಕೇಳಿ ಒಮ್ಮೆ ತೆರೆಸಿ ನೋಡಿ, ಯಾರೂ ಇಲ್ಲ ಎನ್ನುವುದಿಲ್ಲ. ಸಿಮೆಂಟ್ ನೆಲದ ಮೇಲೆ ಎತ್ತರದ ಸಾಧನ ಇಡಲೇಬೇಡಿ, ಡಬ್ಬಿ ಇರಲಿ ಇಲ್ಲದಿರಲಿ. ಡಬ್ಬಿಯನ್ನು ಇಳಿಯುವ ಹಲಗೆಯ ನೇರಕ್ಕೆ, ತುದಿಯಿಂದ ಆಚೆ ಇಡಿ. ಪಕ್ಕದಲ್ಲಿ ಇಟ್ಟರೆ ನಾಯಿಗೆ ಪಕ್ಕಕ್ಕೆ ಹಾರಲು ಕರೆದಂತೆ.

ಒಳಗೆ ಹಾಕುವುದರ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಬಿಸಿಲಿನಲ್ಲಿ ಬೇಯಿಸಿದ ಕೋಳಿ ಮಾಂಸ ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ ಬೇಗ ಹಳಸುತ್ತದೆ. ರೊಟ್ಟಿಯ ಚೂರು ತಟ್ಟೆಯ ತೂತಿಗೆ ಸಿಕ್ಕಿಕೊಳ್ಳುತ್ತದೆ, ಆಮೇಲೆ ಒಮ್ಮೆಲೇ ನಾಲ್ಕೈದು ಬೀಳುತ್ತವೆ. ಶೇಂಗಾ ಬೆಣ್ಣೆ ಸವರುವವರು ಡಬ್ಬದ ಮೇಲಿನ ಬರಹ ಓದಿ. ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ಅದು ನಾಯಿಗೆ ವಿಷ. ಒಣದ್ರಾಕ್ಷಿಯೂ ಬೇಡ.

ಗೋದಾಮಿನ ಮಾಲೀಕರು ವಿಷಯ ತಿಳಿದು ಬಹಳ ನೊಂದುಕೊಂಡರು. ಸಂಜೆ ಹೊತ್ತು ಗೇಟನ್ನು ಕೈಯಿಂದಲೇ ತಳ್ಳಿಸುತ್ತೇನೆ ಎಂದರು. ಬೇಡವೆಂದೆ. ಲಿಂಗಸುಗೂರಿನ ಒಬ್ಬ ಹುಡುಗ ಡಬ್ಬಿಯನ್ನು ಅರ್ಧ ಬೆಲೆಗೆ ಕೇಳಿದ. ಕೊಡಲಿಲ್ಲ. ಬ್ಯಾಟರಿ ತೆಗೆದು, ಒಳಗಿನ ತಂತಿ ಕತ್ತರಿಸಿ ಹಾಕಿದ್ದೇನೆ.

ಚಂದ್ರಿಯ ಪಟ್ಟಿ ಬಿಚ್ಚಿಯಾಗಿದೆ. ಈಗ ಊರ ಹೊರಗಿನ ಎರೆ ಹೊಲದಲ್ಲಿ, ಬಿಸಿಲೇರುವ ಮೊದಲೇ, ಒಂದೇ ಹಲಗೆಯನ್ನು ನೆಲಕ್ಕೆ ತಾಗಿಸಿ ಹಾಸಿ ಅವಳನ್ನು ನಡೆಸುತ್ತೇನೆ. ಹಳದಿಯ ಮೇಲೆ ನಿಂತರೆ ಬಗ್ಗಿ ಅವಳ ಕಾಲಿನ ಬಳಿಯೇ ತಿನಿಸು ಇಡುತ್ತೇನೆ. ಕುಂಟು ಹೋಗಿದೆ. ಆದರೆ ಮೊನ್ನೆ ನನ್ನ ಮೊಬೈಲ್ ಸಣ್ಣಗೆ ಬೀಪ್ ಎಂದಾಗ ಅವಳು ಹಲಗೆಯ ನಡುವೆ ನಿಂತುಬಿಟ್ಟಳು, ಕಿವಿ ನಿಮಿರಿಸಿ, ಗೋಡೆಯೇ ಇಲ್ಲದ ಎಡಗಡೆಗೆ ತಿರುಗಿ.