ಸೌದೆ, ಅಸ್ತ್ರ ಒಲೆ, ಗ್ಯಾಸ್, ಇಂಡಕ್ಷನ್: ನಾಲ್ಕರಲ್ಲೂ ಬೇಯಿಸಿ ನೋಡಿದ ಮೇಲೆ

ಹೊಳಲ್ಕೆರೆ ಕಡೆಯ ನಮ್ಮ ಮನೆಯಲ್ಲಿ ಈ ನಾಲ್ಕರಲ್ಲೂ ಅಡುಗೆ ಮಾಡಿದ್ದೇನೆ. ಯಾವುದು ಅಗ್ಗ ಅಂತ ಎಲ್ಲರೂ ಕೇಳುತ್ತಾರೆ. ಹೆಂಗಸರ ಹೊತ್ತು ಯಾವುದು ಉಳಿಸುತ್ತದೆ ಅಂತಲೂ ಕೇಳಬೇಕು ಅಲ್ವಾ?

ಮಣ್ಣಿನ ಒಲೆಗೆ ಖರ್ಚೇ ಇಲ್ಲ ಅನ್ನುತ್ತಾರೆ. ಜಾಲಿ ಕಡಿದು, ಮುಳ್ಳು ಸವರಿ, ಹೊರೆ ಕಟ್ಟಿ ತಲೆ ಮೇಲೆ ಹೊತ್ತು ತರುವವರ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಗ್ಗಿ ಆದಮೇಲೆ ಹತ್ತಿ ಕಟ್ಟಿಗೆ, ಮೆಕ್ಕೆಜೋಳದ ಬೆಂಡು ಸಿಗುತ್ತವೆ, ಆದರೆ ಭಗ್ ಅಂತ ಉರಿದು ಮುಗಿಯುತ್ತವೆ, ಒಲೆ ಮುಂದೆಯೇ ಕೂತು ತುಂಬುತ್ತಿರಬೇಕು. ಮಳೆಗಾಲದಲ್ಲಂತೂ ಹಸಿ ಸೌದೆ, ಊದುಗೊಳವೆ, ಉರಿಯುವ ಕಣ್ಣು. ಮನೆಯೊಳಗಿನ ಇಂಥ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮತ್ತೆ ಬೀಡಿ ಮುಟ್ಟಿದವರಲ್ಲ. ಆದರೂ ದಮ್ಮು.

ಅಸ್ತ್ರ ಒಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಗೊಂಡದ್ದು. ಒಂದೇ ಉರಿಗೆ ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಸೌದೆಯೂ ಕಡಿಮೆ ಸಾಕು. ಆದರೆ ಸೌದೆ ಸಣ್ಣಗೆ ಸೀಳಬೇಕು, ಕೊಳವೆಯ ಮಸಿ ತೆಗೆಯುತ್ತಿರಬೇಕು. ಹೊಗೆ ತಪ್ಪಿತು, ಹೊರೆ ತಪ್ಪಲಿಲ್ಲ.

ಬೆಳಿಗ್ಗೆ ಬೇಗ ಕೂಲಿಗೆ ಹೊರಡುವವರಿಗೆ ಗ್ಯಾಸೇ ಸರಿ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಬಡ ಹೆಂಗಸರ ಹೆಸರಿಗೇ ಕನೆಕ್ಷನ್ ಸಿಕ್ಕಿತು, ಒಳ್ಳೆಯದಾಯಿತು. ತೊಡಕಿರುವುದು ಮರುಭರ್ತಿಯಲ್ಲಿ. ಸಬ್ಸಿಡಿ ಖಾತೆಗೆ ಬರುವುದು ಆಮೇಲೆ, ಸಿಲಿಂಡರ್ ಇಳಿಸುವಾಗ ಪೂರ್ತಿ ದುಡ್ಡು ಕೊಡಬೇಕು. ದಿನಗೂಲಿಯವರ ಹತ್ತಿರ ಅಷ್ಟು ಒಟ್ಟಿಗೆ ಎಲ್ಲಿರುತ್ತದೆ? ನಮ್ಮ ವಾರಗಿತ್ತಿ ಮನೆಯಲ್ಲಿ ನೆಂಟರು ಬಂದರೆ ಮಾತ್ರ ಗ್ಯಾಸ್ ಹಚ್ಚುತ್ತಾರೆ. ಉಜ್ವಲದಲ್ಲಿ 14.2 ಕೆಜಿಯ ಬದಲು 5 ಕೆಜಿ ಸಿಲಿಂಡರ್ ಕೂಡ ಇದೆ, ಒಂದೇ ಸಲಕ್ಕೆ ಕೊಡುವ ದುಡ್ಡು ಕಡಿಮೆ. ಕೇಳಿ ನೋಡಿ.

ಇಂಡಕ್ಷನ್ ಒಲೆ ಹಾಲು, ಅನ್ನ, ಬೇಳೆಗೆ ಚೆನ್ನ. ಮುದ್ದೆಗೆ ಆಗುವುದಿಲ್ಲ. ಕೋಲು ಹಾಕಿ ತಿರುವುವಾಗ ಪಾತ್ರೆ ಅಲುಗುತ್ತದೆ, ಒಲೆ ಬಂದ್ ಆಗುತ್ತದೆ. ನಮ್ಮ ಅಲ್ಯೂಮಿನಿಯಂ ಪಾತ್ರೆಗಳೂ ಅದಕ್ಕೆ ಆಗಲಿಲ್ಲ. ಗೃಹಜ್ಯೋತಿಯಿಂದ ಕರೆಂಟ್ ಫ್ರೀ, ಇನ್ನೇನು ಅನ್ನುವವರು ಇದನ್ನು ಗಮನಿಸಿ. 2023ರಲ್ಲಿ ಅದು ಶುರುವಾದಾಗ 200 ಯೂನಿಟ್ ಎಲ್ಲರಿಗೂ ಸಿಗಲಿಲ್ಲ; ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ 10 ಪರ್ಸೆಂಟ್ ಸೇರಿಸಿ ಮನೆಮನೆಗೆ ಮಿತಿ ಹಾಕಿದರು. ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಆ 10 ಪರ್ಸೆಂಟ್ ಬದಲು ಸರಾಸರಿಯ ಮೇಲೆ 10 ಯೂನಿಟ್ ಸೇರಿಸಿ ಕೊಟ್ಟರು. ಅಂದರೆ ಎರಡು ಬಲ್ಬು, ಒಂದು ಫ್ಯಾನಿನಲ್ಲಿ ದಿನ ದೂಡಿದ ಮನೆಗೆ ಮಿತಿಯೂ ಸಣ್ಣದು. 2000 ವ್ಯಾಟಿನ ಒಲೆ ಪೂರ್ತಿ ಉರಿಯಲ್ಲಿ ಅರ್ಧ ಗಂಟೆಗೆ 1 ಯೂನಿಟ್ ತಿನ್ನುತ್ತದೆ. ದಿನಾ ಅಷ್ಟೇ ಅಂದರೂ ತಿಂಗಳಿಗೆ 30 ಯೂನಿಟ್, ಮಿತಿ ದಾಟಿದ್ದಕ್ಕೆ ಬಿಲ್. ಹೊಗೆ ಬಿಡಬೇಕು ಅಂತ ಹೊರಟ ಬಡ ಹೆಂಗಸಿಗೇ ಈ ಲೆಕ್ಕ ಅಡ್ಡ ಬರುತ್ತದೆ, ಇದು ಬದಲಾಗಲೇಬೇಕು.

ಇನ್ನು ಯಾರೂ ಲೆಕ್ಕಕ್ಕೆ ತರದ ಒಲೆ ಒಂದಿದೆ, ಬಚ್ಚಲ ಹಂಡೆಯದು. ಅಡುಗೆ ಪೂರ್ತಿ ಗ್ಯಾಸಿಗೆ ಬಂದ ಮೇಲೂ ನಾವು ಸೌದೆಗೆ ಹೋಗುತ್ತಲೇ ಇದ್ದೆವು. ಮನೆಮಂದಿಯ ಸ್ನಾನಕ್ಕೆ ನೀರು ಕಾಯಬೇಕಲ್ಲ, ಅದಕ್ಕೆ ಗ್ಯಾಸ್ ಹಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ.

ಈಗ ನಮ್ಮಲ್ಲಿ ಮುದ್ದೆ, ಸಾರು ಗ್ಯಾಸಿನಲ್ಲಿ, ಹಾಲು, ಅನ್ನ ಇಂಡಕ್ಷನ್‌ನಲ್ಲಿ. ಮಣ್ಣಿನ ಒಲೆ ಹಬ್ಬಕ್ಕೆ ಮಾತ್ರ. ಮುಂದಿನ ದುಡ್ಡು ಸೋಲಾರ್ ವಾಟರ್ ಹೀಟರಿಗೆ ಅಂತ ಎತ್ತಿಟ್ಟಿದ್ದೇನೆ. ನಮ್ಮ ಬೋರಿನ ನೀರು ಗಡುಸು, ಒಳಗೆ ಉಪ್ಪು ಕಟ್ಟುತ್ತದೆ, ಹಾಗಾಗಿ ತೊಳೆಯಲು ಸುಲಭವಾದ ಗಾಜಿನ ಕೊಳವೆಯದನ್ನೇ ನೋಡುತ್ತಿದ್ದೇನೆ.