ಅಣೆಕಟ್ಟಿನ ಕರೆಂಟಿನ ವಾರ್ಷಿಕ ದರ: ಕೊಳ್ಳುವವರ ಕಡೆಯಿಂದ ಒಂದು ವಿಮರ್ಶೆ

ಜಲವಿದ್ಯುತ್ ಅಗ್ಗ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಅದನ್ನು ವರ್ಷವಿಡೀ ಕೊಳ್ಳುವ ಎಸ್ಕಾಂಗೆ (ವಿದ್ಯುತ್ ವಿತರಣಾ ಕಂಪನಿಗೆ) ಮಾತ್ರ ‘ಯೂನಿಟ್‌ಗೆ ಎಷ್ಟು’ ಎಂಬ ಒಂದೇ ಪ್ರಶ್ನೆ ಸಾಲದು. ಉಷ್ಣ ಸ್ಥಾವರದಲ್ಲಿ ಕಲ್ಲಿದ್ದಲು ಉರಿದಷ್ಟೂ ಖರ್ಚು ಏರುತ್ತದೆ. ಅಣೆಕಟ್ಟಿನಲ್ಲಿ ಹಾಗಲ್ಲ. ನೀರಿಗೆ ಬೆಲೆ ಹಾಕುವುದಿಲ್ಲ, ಮಳೆ ಬರಲಿ ಬಿಡಲಿ ಸಾಲದ ಬಡ್ಡಿ, ಸಿಬ್ಬಂದಿಯ ಸಂಬಳ, ಸವಕಳಿ ಎಲ್ಲವೂ ಅಷ್ಟೇ ಇರುತ್ತವೆ. ಹಾಗಾಗಿ ಇಲ್ಲಿ ಕೊಳ್ಳುತ್ತಿರುವುದು ಒಂದು ಸ್ಥಾವರದ ಇಡೀ ವರ್ಷದ ಸೇವೆಯನ್ನು. ಯೂನಿಟ್ ಅದರ ಒಂದು ಅಳತೆ ಮಾತ್ರ. ನಮ್ಮ ದೇಶದ ಎರಡು ಭಾಗದ ದರ ಪದ್ಧತಿ ಈ ಸಂಗತಿಯನ್ನು ಸರಿಯಾಗಿ ಹಿಡಿದಿದೆ. ಒಟ್ಟಾರೆ ಒಳ್ಳೆಯ ಪದ್ಧತಿ ಅಂತಲೇ ನನ್ನ ಅಭಿಪ್ರಾಯ. ಆದರೆ ಒಂದು ದೊಡ್ಡ ಕೊರತೆ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ದರ ಯಾರು ನಿಗದಿ ಮಾಡುತ್ತಾರೆ ಅನ್ನುವುದು. ಕೇಂದ್ರ ಸ್ವಾಮ್ಯದ ಸ್ಥಾವರಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ರಾಜ್ಯಕ್ಕೆ ಮಾರುವವಕ್ಕೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಸಿಇಆರ್‌ಸಿ. ರಾಜ್ಯದೊಳಗೇ ಉತ್ಪಾದಿಸಿ ರಾಜ್ಯದ ಎಸ್ಕಾಂಗಳಿಗೆ ಕೊಡುವವಕ್ಕೆ ರಾಜ್ಯ ಆಯೋಗ; ಕರ್ನಾಟಕದಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. ರಾಜ್ಯ ಆಯೋಗಗಳು ಕೇಂದ್ರ ಆಯೋಗದ ತತ್ವಗಳನ್ನು ಮಾರ್ಗದರ್ಶಿಯಾಗಿ ಇಟ್ಟುಕೊಳ್ಳಬೇಕೆಂದು 2003ರ ವಿದ್ಯುತ್ ಕಾಯ್ದೆಯ 61ನೇ ಕಲಮು ಹೇಳುತ್ತದೆ. ಹಾಗಾಗಿ ಸಿಇಆರ್‌ಸಿಯ ಲೆಕ್ಕ ತಿಳಿದರೆ ಉಳಿದದ್ದನ್ನು ಓದುವುದು ಸುಲಭ. ಅದರ ನಿಯಮಾವಳಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಈಗಿನದು 2024ರ ಏಪ್ರಿಲ್ 1ರಿಂದ 2029ರ ಮಾರ್ಚ್ 31ರವರೆಗೆ.

ಬುನಾದಿಯಲ್ಲಿ ಇರುವುದು ವಾರ್ಷಿಕ ಸ್ಥಿರ ವೆಚ್ಚ. ಇದಕ್ಕೆ ಐದು ಅಂಗ: ಸ್ವಂತ ಬಂಡವಾಳದ ಮೇಲಿನ ಪ್ರತಿಫಲ, ಸಾಲದ ಬಡ್ಡಿ, ಸವಕಳಿ (ಆಸ್ತಿ ಸವೆದು ಬೆಲೆ ಇಳಿಯುವುದರ ಲೆಕ್ಕ), ದುಡಿಯುವ ಬಂಡವಾಳದ (ದಿನನಿತ್ಯದ ವಹಿವಾಟಿಗೆ ಬೇಕಾದ ಹಣದ) ಬಡ್ಡಿ, ನಿರ್ವಹಣೆ ಮತ್ತು ದುರಸ್ತಿ ವೆಚ್ಚ. ಸಾಲ 70, ಸ್ವಂತ ಹಣ 30 ಎಂಬ ಪ್ರಮಾಣದಲ್ಲಿ ಲೆಕ್ಕ. ಸವಕಳಿಯನ್ನು ಆಸ್ತಿಯ ಶೇ. 90ರವರೆಗೆ ಮಾತ್ರ ವಸೂಲು ಮಾಡಬಹುದು. ಸಾಮಾನ್ಯವಾಗಿ ಜಮೀನಿಗೆ ಸವಕಳಿ ಇಲ್ಲ, ಆದರೆ ಜಲಾಶಯದಲ್ಲಿ ಮುಳುಗುವ ಜಮೀನಿಗೆ ಇದೆ. ಲೆಕ್ಕ ಪರಿಶೀಲಿಸುವವರು ಎಡವುವ ಜಾಗ ಇದು. ದುಡಿಯುವ ಬಂಡವಾಳದಲ್ಲಿ 45 ದಿನದ ಬಾಕಿ ಬರಬೇಕಾದ ಹಣ, ಒಂದು ತಿಂಗಳ ನಿರ್ವಹಣಾ ವೆಚ್ಚ, ಅದೇ ನಿರ್ವಹಣಾ ವೆಚ್ಚದ ಶೇ. 15ರಷ್ಟು ಬಿಡಿಭಾಗ ಸೇರುತ್ತವೆ.

ಈ ಐದೂ ಸೇರಿದ ಮೊತ್ತವನ್ನು ಸರಿಯಾಗಿ ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಕೆಪ್ಯಾಸಿಟಿ ಚಾರ್ಜ್, ಸ್ಥಾವರ ಸಿದ್ಧವಾಗಿ ನಿಂತಿದ್ದಕ್ಕೆ. ಇನ್ನೊಂದು ಎನರ್ಜಿ ಚಾರ್ಜ್, ಹೊರಗೆ ಕೊಟ್ಟ ಯೂನಿಟ್‌ಗೆ. ಎನರ್ಜಿ ದರ ಲೆಕ್ಕ ಹಾಕುವಾಗ ಭಾಗಿಸುವುದು ಡಿಸೈನ್ ಎನರ್ಜಿಯಿಂದ. ಹತ್ತರಲ್ಲಿ ಒಂಬತ್ತು ವರ್ಷ ಖಾತರಿಯಾಗಿ ಸಿಗುವಷ್ಟು ನೀರಿನಲ್ಲಿ, ಸ್ಥಾಪಿತ ಸಾಮರ್ಥ್ಯದ ಶೇ. 95 ಲಭ್ಯವಿದ್ದಾಗ ಆಗುವ ಉತ್ಪಾದನೆಯೇ ಡಿಸೈನ್ ಎನರ್ಜಿ. ಅದರಲ್ಲಿ ಸ್ಥಾವರದ ಸ್ವಂತ ಬಳಕೆಯನ್ನೂ, ಆತಿಥೇಯ ರಾಜ್ಯಕ್ಕೆ ಉಚಿತವಾಗಿ ಕೊಡುವ ಪಾಲು ಇದ್ದರೆ ಅದನ್ನೂ ಕಳೆಯಬೇಕು.

ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡೋಣ. ಕಲ್ಪಿತ ಸ್ಥಾವರ: 50 ಮೆಗಾವಾಟಿನ ನಾಲ್ಕು ಯಂತ್ರ, ಒಟ್ಟು 200. ವಾರ್ಷಿಕ ಸ್ಥಿರ ವೆಚ್ಚ 180 ಕೋಟಿ ರೂಪಾಯಿ. ಡಿಸೈನ್ ಎನರ್ಜಿ 600 ಮಿಲಿಯನ್ ಯೂನಿಟ್, ಸ್ವಂತ ಬಳಕೆ ಶೇ. 1, ಉಚಿತ ಪಾಲು ಇಲ್ಲ. ಮಾರಾಟಕ್ಕೆ ಸಿಗುವುದು 594 ಮಿಲಿಯನ್ ಯೂನಿಟ್. 90 ಕೋಟಿಯನ್ನು ಅದರಿಂದ ಭಾಗಿಸಿದರೆ ಎನರ್ಜಿ ದರ ಯೂನಿಟ್‌ಗೆ ಸುಮಾರು 1.515 ರೂಪಾಯಿ. ಕೆಪ್ಯಾಸಿಟಿ ಚಾರ್ಜನ್ನೂ ಸೇರಿಸಿದರೆ 3.03 ರೂಪಾಯಿ. ಪತ್ರಿಕೆಯಲ್ಲಿ ಬರುವುದು ಈ ಕೊನೆಯ ಅಂಕಿ. ದಿಕ್ಕು ತಪ್ಪಿಸುವುದೂ ಇದೇ.

ಯಾಕೆಂದರೆ ಮಳೆ ಕೈಕೊಟ್ಟ ವರ್ಷ ಇದು ಹೀಗೆ ನಿಲ್ಲುವುದಿಲ್ಲ. ಉತ್ಪಾದನೆ 420 ಮಿಲಿಯನ್ ಯೂನಿಟ್‌ಗೆ ಇಳಿಯಿತು ಅನ್ನಿ. ಮಾರಾಟಕ್ಕೆ 415.8. ಎನರ್ಜಿ ಚಾರ್ಜಿನಲ್ಲಿ ಬರುವುದು 63 ಕೋಟಿ. ಸ್ಥಾವರಕ್ಕೆ 27 ಕೋಟಿ ಖೋತಾ. ಯಂತ್ರಗಳು ಸಿದ್ಧವಿದ್ದರೆ ಕೆಪ್ಯಾಸಿಟಿ ಚಾರ್ಜು 90 ಕೋಟಿ ಪೂರ್ತಿ ಕೊಡಲೇಬೇಕು. ಒಟ್ಟು 153 ಕೋಟಿ, ಅಂದರೆ ಯೂನಿಟ್‌ಗೆ 3.68. ಕಥೆ ಅಲ್ಲಿಗೆ ಮುಗಿಯುವುದಿಲ್ಲ. 2014ರ ನಿಯಮಾವಳಿಯಲ್ಲಿ, ಕೊರತೆ ಸ್ಥಾವರದ ತಪ್ಪಿನಿಂದ ಆಗಿದ್ದಲ್ಲವಾದರೆ, ಸ್ಥಾವರ ಆರಂಭವಾಗಿ ಹತ್ತು ವರ್ಷದೊಳಗಿನದಾದರೆ, ಮುಂದಿನ ವರ್ಷದ ಎನರ್ಜಿ ದರವನ್ನು 600ರ ಬದಲು 420ರ ಮೇಲೆ ಲೆಕ್ಕ ಹಾಕುತ್ತಿದ್ದರು. ದರ ಸುಮಾರು 2.165 ರೂಪಾಯಿಗೆ ಏರುತ್ತಿತ್ತು. ಹೆಚ್ಚುವರಿ 65 ಪೈಸೆಯಂತೆ 27 ಕೋಟಿ ತುಂಬುವ ಹೊತ್ತಿಗೆ ಸುಮಾರು 416 ಮಿಲಿಯನ್ ಯೂನಿಟ್ ಮಾರಾಟವಾಗಿರುತ್ತಿತ್ತು. ಅಲ್ಲಿಂದ ಮತ್ತೆ 1.515. ಹತ್ತು ವರ್ಷ ದಾಟಿದ ಸ್ಥಾವರಕ್ಕೆ ಸೂತ್ರ ಬೇರೆ ಇತ್ತು. 2019ರ ನಿಯಮಾವಳಿಯಿಂದ ಈಚೆಗೆ ಕೊರತೆಯನ್ನು ಆರು ಸಮ ಮಾಸಿಕ ಕಂತುಗಳಲ್ಲಿ ವಸೂಲು ಮಾಡುತ್ತಾರೆ.

ಹೀಗಾಗಿ ಬರದ ಬಿಲ್ಲು ಬರುವುದು ಮುಂದಿನ ವರ್ಷದಲ್ಲಿ. ಇದನ್ನು ದೋಷ ಅನ್ನುವವರಿದ್ದಾರೆ. ನನಗೆ ಇದೇ ಈ ಪದ್ಧತಿಯ ಗುಣ ಅನ್ನಿಸುತ್ತದೆ. 2023ರಂಥ ವರ್ಷವನ್ನೇ ನೋಡಿ: ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು, ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ ಖಾಸಗಿ ಉತ್ಪಾದಕರಿಂದ ಕರೆಂಟು ಪಡೆಯಬೇಕಾಯಿತು. ಎಕ್ಸ್‌ಚೇಂಜಿನಲ್ಲಿ (ಕರೆಂಟು ಮಾರಿ ಕೊಳ್ಳುವ ಮಾರುಕಟ್ಟೆಯಲ್ಲಿ) ಯೂನಿಟ್‌ಗೆ 10 ರೂಪಾಯಿಯ ಮಿತಿಯವರೆಗೂ ಬೆಲೆ ಹೋಗಬಹುದಾದ ಕಾಲದಲ್ಲಿ, ನೀರಿನ ಕೊರತೆಯ ಹೊರೆಯೂ ಅದೇ ವರ್ಷ ಬಿದ್ದರೆ ಎಸ್ಕಾಂನ ಕೈಯಲ್ಲಿ ನಗದೇ ಉಳಿಯುವುದಿಲ್ಲ. ಒಂದು ವರ್ಷ ಮುಂದಕ್ಕೆ ಹೋಗುವುದು ಉಸಿರಾಡಲು ಬಿಟ್ಟಂತೆ.

ಅಮೆರಿಕದ ಹೂವರ್ ಅಣೆಕಟ್ಟಿನ ಪದ್ಧತಿ ಇದಕ್ಕೆ ತದ್ವಿರುದ್ಧ. ಅಲ್ಲಿಯೂ ಪ್ರತಿ ವರ್ಷ, ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗಿನ ಹಣಕಾಸು ವರ್ಷಕ್ಕೆ, ಒಟ್ಟು ವೆಚ್ಚವನ್ನು ಅರ್ಧ ಸಾಮರ್ಥ್ಯಕ್ಕೆ, ಅರ್ಧ ಎನರ್ಜಿಗೆ ಹಂಚುತ್ತಾರೆ. ಆದರೆ ಆ ಮೂಲ ಮೊತ್ತವನ್ನು ಒಪ್ಪಂದ ಮಾಡಿಕೊಂಡ ಖರೀದಿದಾರರು ಸರೋವರದ ಮಟ್ಟ ಎಷ್ಟೇ ಇರಲಿ ಕೊಡಲೇಬೇಕು. 2022ರ ಜುಲೈಯಲ್ಲಿ ಆ ಅಣೆಕಟ್ಟಿನ ಜಲಾಶಯವಾದ ಮೀಡ್ ಸರೋವರ ಸುಮಾರು 1,040 ಅಡಿಗೆ ಇಳಿದಾಗಲೂ ಹಾಗೇ. ಅದರ ಮೇಲೆ ಕೊಲೊರಾಡೊ ನದಿ ಕೊಳ್ಳದ ಅಭಿವೃದ್ಧಿ ನಿಧಿಗೆ ಅರಿಜೋನಾದವರು ಯೂನಿಟ್‌ಗೆ 4.5 ಮಿಲ್, ಕ್ಯಾಲಿಫೋರ್ನಿಯಾ ಮತ್ತು ನೆವಾಡಾದವರು 2.5 ಮಿಲ್ ಸೇರಿಸಿ ಕೊಡುತ್ತಾರೆ. ಒಂದು ಮಿಲ್ ಅಂದರೆ ಡಾಲರಿನ ಸಾವಿರದ ಒಂದು ಪಾಲು. ಬಜೆಟ್ ಹಾಕಲು ಅದು ಸುಲಭ, ಮುಂದಿನ ವರ್ಷಕ್ಕೆ ಬಾಲ ಉಳಿಯುವುದಿಲ್ಲ. ಮಾನ್ಸೂನನ್ನೇ ನಂಬಿರುವ ನಮ್ಮಂಥ ಕಡೆ ನಾನು ನಮ್ಮದನ್ನೇ ಆರಿಸುತ್ತೇನೆ.

ಭರ್ಜರಿ ಮಳೆಯಾದರೆ? 720 ಮಿಲಿಯನ್ ಯೂನಿಟ್ ಉತ್ಪಾದನೆಯಾಗಿ 712.8 ಮಾರಾಟಕ್ಕೆ ಸಿಕ್ಕಿತು ಅನ್ನೋಣ. ಡಿಸೈನ್ ಎನರ್ಜಿಗಿಂತ ಮೇಲಿನ 118.8 ಮಿಲಿಯನ್ ಯೂನಿಟ್‌ಗೆ 2019ರ ನಿಯಮಾವಳಿ ಹಾಕಿದ ಮಿತಿ 1.20 ರೂಪಾಯಿ. ಅದರಿಂದ ಸ್ಥಾವರಕ್ಕೆ ಸುಮಾರು 14.26 ಕೋಟಿ ಹೆಚ್ಚು ಸಿಗುತ್ತದೆ, ಕೊಳ್ಳುವವರಿಗೆ ಸರಾಸರಿ ದರ 2.73ಕ್ಕೆ ಇಳಿಯುತ್ತದೆ. ಎರಡೂ ಕಡೆಗೆ ನ್ಯಾಯ. ಆದರೆ ಇಲ್ಲೇ ಡಿಸೈನ್ ಎನರ್ಜಿಯ ಅಂಕಿ ಎಷ್ಟು ನಿರ್ಣಾಯಕ ಅನ್ನುವುದು ಕಾಣುತ್ತದೆ. ಯೋಜನಾ ವರದಿ ಬರೆದಾಗಿನ ಹಳೆಯ ಒಳಹರಿವಿನ ದಾಖಲೆಯ ಮೇಲೆ ಅದು ನಿಂತಿದೆ. ಮೇಲಿನ ಪಾತ್ರದಲ್ಲಿ ಆಮೇಲೆ ನೀರಾವರಿಗೆ ನೀರು ಎತ್ತಿದರೆ ಅಂಕಿ ವಾಸ್ತವಕ್ಕಿಂತ ದೊಡ್ಡದಾಗಿ ಉಳಿದು ಕೊರತೆ ವರ್ಷವರ್ಷವೂ ಬರುತ್ತದೆ. ಅಂಕಿ ಬೇಕೆಂದೇ ಚಿಕ್ಕದಾಗಿದ್ದರೆ ಪ್ರತಿ ವರ್ಷವೂ ‘ಹೆಚ್ಚುವರಿ’ ಉತ್ಪಾದನೆ. ಪಿಪಿಎಗೆ (ವಿದ್ಯುತ್ ಖರೀದಿ ಒಪ್ಪಂದಕ್ಕೆ) ಸಹಿ ಹಾಕುವ ಮುಂಚೆ ಹೊಸ ಒಳಹರಿವಿನ ಲೆಕ್ಕ ಕೇಳುವುದು ಖರೀದಿದಾರನ ಮೊದಲ ಕೆಲಸ ಆಗಬೇಕು.

ಕೆಪ್ಯಾಸಿಟಿ ಚಾರ್ಜಿನ ಕಡೆಗೆ ಬರೋಣ. ತಿಂಗಳ ಮೊತ್ತ ಆ ತಿಂಗಳ ಲಭ್ಯತೆಗೆ, ಅಂದರೆ ಸಾಮರ್ಥ್ಯದಲ್ಲಿ ಶೇಕಡಾ ಎಷ್ಟು ಸಿದ್ಧವಿತ್ತು ಅನ್ನುವುದಕ್ಕೆ, ಅನುಗುಣ. ಜಲಾಶಯದ ಪೂರ್ಣ ಮಟ್ಟ ಮತ್ತು ಕನಿಷ್ಠ ಮಟ್ಟಗಳ ನಡುವೆ ನೀರಿನ ಎತ್ತರದ ವ್ಯತ್ಯಾಸ ಶೇ. 8ರೊಳಗಿದ್ದು, ಹೂಳಿನ ಕಾಟ ಇಲ್ಲದಿದ್ದರೆ ನಿಯಮ ನಿಗದಿ ಮಾಡಿದ ಲಭ್ಯತೆ ಶೇ. 90. ನಮ್ಮ ಕಲ್ಪಿತ ಸ್ಥಾವರಕ್ಕೆ 30 ದಿನದ ತಿಂಗಳಲ್ಲಿ ಬರಬೇಕಾದ್ದು ಸುಮಾರು 7.40 ಕೋಟಿ. ಲಭ್ಯತೆ 81ಕ್ಕೆ ಬಿದ್ದರೆ 6.66 ಕೋಟಿ. ಒಂದು ಯಂತ್ರ ಇಡೀ ತಿಂಗಳು ಬಿಚ್ಚಿಟ್ಟಿದ್ದರೆ ಲಭ್ಯತೆ 75 ದಾಟುವುದಿಲ್ಲ, ಕೈಗೆ ಬರುವುದು ಸುಮಾರು 6.16 ಕೋಟಿ. ವರ್ಷಕ್ಕೆ ಪ್ರತಿ ಯಂತ್ರಕ್ಕೆ ಸುಮಾರು 36 ದಿನದ ನಿಲುಗಡೆಗೆ ಮಾತ್ರ ಜಾಗ ಇದೆ. ರನ್ನರ್ ದುರಸ್ತಿ, ಗೈಡ್ ವೇನ್, ಸ್ಟೇಟರ್ ಕೆಲಸ ಎಲ್ಲವೂ ಅದರೊಳಗೇ ಆಗಬೇಕು. 90 ದಾಟಿದರೆ ಅದೇ ಸೂತ್ರದಲ್ಲಿ ಪ್ರೋತ್ಸಾಹಧನವೂ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ ದುರಸ್ತಿ ಮುಗಿಸುವ ಶಿಸ್ತು ಇದರಿಂದ ಬರುತ್ತದೆ, ಅದನ್ನು ಮೆಚ್ಚಲೇಬೇಕು. ಸತ್ಲಜ್ ಮೇಲಿನ ನಾಥ್ಪಾ ಝಾಕ್ರಿಯಂಥ 1,500 ಮೆಗಾವಾಟಿನ ಸ್ಥಾವರವನ್ನೂ ಹೂಳು ಮಿತಿಮೀರಿದಾಗ ನಿಲ್ಲಿಸಬೇಕಾಗುತ್ತದೆ. ಹೂಳಿನ ನದಿಗಳಲ್ಲಿ ಈ ಅಂಶವೇ ಲಾಭ-ನಷ್ಟ ನಿರ್ಧರಿಸುತ್ತದೆ.

ಲಭ್ಯತೆ ಅಳೆಯುವ ರೀತಿಯನ್ನು ಖರೀದಿದಾರ ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಸ್ಥಾವರ ದಿನಕ್ಕೆ ಕನಿಷ್ಠ ಮೂರು ಗಂಟೆ ಕೊಡಬಲ್ಲ ಮೆಗಾವಾಟನ್ನು ಘೋಷಿಸುತ್ತದೆ, ದಿನ ಮುಗಿದ ಮೇಲೆ ಲೋಡ್ ಡಿಸ್ಪ್ಯಾಚ್ ಸೆಂಟರ್ (ಯಾವ ಸ್ಥಾವರ ಯಾವಾಗ ಎಷ್ಟು ಕರೆಂಟು ಕೊಡಬೇಕೆಂದು ನೋಡಿಕೊಳ್ಳುವ ಕೇಂದ್ರ) ಅದನ್ನು ದೃಢೀಕರಿಸುತ್ತದೆ. 200 ಮೆಗಾವಾಟ್ ಮೂರು ಗಂಟೆಗೆ 6 ಲಕ್ಷ ಯೂನಿಟ್. ಡಿಸೈನ್ ಎನರ್ಜಿಯ ದಿನದ ಸರಾಸರಿ ಸುಮಾರು 16.4 ಲಕ್ಷ ಯೂನಿಟ್. ಅಂದರೆ ಸರಾಸರಿಯ ಶೇ. 37ರಷ್ಟು ನೀರಿದ್ದರೂ ಪೂರ್ತಿ ಸಾಮರ್ಥ್ಯ ಘೋಷಿಸಬಹುದು. ಇದು ಮೋಸ ಅಲ್ಲ. ಸಂಜೆ ಗರಿಷ್ಠ ಬೇಡಿಕೆಯ ಹೊತ್ತಿಗೆ ನೆಟ್ಟಗೆ ನಿಲ್ಲುವ ಸಾಮರ್ಥ್ಯಕ್ಕೆ ಕೊಡುವ ಬೆಲೆ ಅದು.

ಇನ್ನು ಮೊದಲೇ ಹೇಳಿದ ಕೊರತೆ. ಆ ಮೂರು ಗಂಟೆ ಬಿಟ್ಟರೆ ದರದಲ್ಲಿ ಹೊತ್ತಿಗೆ ಬೆಲೆಯೇ ಇಲ್ಲ. ಮಧ್ಯಾಹ್ನ 2ಕ್ಕೆ ಬಿಟ್ಟ ಯೂನಿಟ್‌ಗೂ ಸಂಜೆ 7ಕ್ಕೆ ಬಿಟ್ಟದ್ದಕ್ಕೂ ಅದೇ 1.515. ಸಾಲ ತೀರಿದ ಹಳೆಯ ಸ್ಥಾವರದ ಎನರ್ಜಿ ದರ ಇನ್ನೂ ಕಡಿಮೆ, ಹಾಗಾಗಿ ಅಗ್ಗದ್ದನ್ನು ಮೊದಲು ಎತ್ತುವ ಮೆರಿಟ್ ಆರ್ಡರ್ ಪಟ್ಟಿಯಲ್ಲಿ ಅದು ಮೇಲೆ ನಿಲ್ಲುತ್ತದೆ. ಸೌರ ವಿದ್ಯುತ್ ಧಾರಾಳವಾಗಿರುವ ಕರ್ನಾಟಕದಲ್ಲಿ ಪಟ್ಟಿಯನ್ನು ಕಣ್ಣುಮುಚ್ಚಿ ಪಾಲಿಸಿದರೆ ಮಧ್ಯಾಹ್ನವೇ ಜಲಾಶಯ ಬರಿದಾಗುತ್ತದೆ. ಲೋಡ್ ಡಿಸ್ಪ್ಯಾಚ್ ಎಂಜಿನಿಯರುಗಳು ವಿವೇಚನೆಯಿಂದ ನೀರು ಉಳಿಸುತ್ತಾರೆ ನಿಜ. ಆದರೆ ಆ ವಿವೇಚನೆಗೆ ದರದಲ್ಲಿ ಆಸರೆ ಇಲ್ಲ. ಶರಾವತಿಯಲ್ಲಂತೂ ನೀರಿನ ಬೆಲೆ ಇನ್ನೂ ಹೆಚ್ಚು: ಲಿಂಗನಮಕ್ಕಿ ಅಣೆಕಟ್ಟಿನ ಬುಡದ 55 ಮೆಗಾವಾಟಿನ ವಿದ್ಯುದಾಗಾರ, ತಲಕಳಲೆ ಜಲಾಶಯದ ಮೂಲಕ 1,035 ಮೆಗಾವಾಟಿನ ಶರಾವತಿ ಸ್ಥಾವರ, ಆಮೇಲೆ 240 ಮೆಗಾವಾಟಿನ ಗೇರುಸೊಪ್ಪ. ಒಂದೇ ನೀರು ಮೂರು ಕಡೆ ದುಡಿಯುತ್ತದೆ. ಅದನ್ನು ಬೇಡದ ಹೊತ್ತಲ್ಲಿ ಬಿಟ್ಟರೆ ನಷ್ಟವೂ ಮೂರು ಕಡೆ. ಆಲಮಟ್ಟಿ ಬೇರೆ ಜಾತಿ. ಅಲ್ಲಿ 290 ಮೆಗಾವಾಟ್ ಇದ್ದರೂ ಯಂತ್ರ ಓಡುವುದು ನೀರಾವರಿಗೆ ಮತ್ತು ಕೆಳಗಿನ ನಾರಾಯಣಪುರಕ್ಕೆ ನೀರು ಬಿಟ್ಟಾಗ. ಹೊತ್ತಿನ ಆಯ್ಕೆ ಕಡಿಮೆ. ಈ ಎರಡು ಬಗೆಯ ಸ್ಥಾವರಕ್ಕೂ ಅರ್ಧ-ಅರ್ಧದ ಒಂದೇ ಅಚ್ಚು ಹಾಕುವುದು ಸರಿಯಲ್ಲ. ದೊಡ್ಡ ಜಲಾಶಯದವಕ್ಕೆ ಕೆಪ್ಯಾಸಿಟಿಯ ಪಾಲು ಹೆಚ್ಚಿರಬೇಕು, ಸಂಜೆಯ ಯೂನಿಟ್‌ಗೆ ಬೇರೆ ದರ ಇರಬೇಕು.

ಇನ್ನೊಂದು ತೊಡಕು ಕ್ಯಾಲೆಂಡರಿನದು. ದರದ ವರ್ಷ ಏಪ್ರಿಲ್‌ನಿಂದ, ನೀರಿನ ವರ್ಷ ಜೂನ್‌ನಿಂದ. ಎಸ್ಕಾಂಗಳು ಕೆಇಆರ್‌ಸಿಗೆ ಅರ್ಜಿ ಸಲ್ಲಿಸುವುದು ನವೆಂಬರ್ ಅಂತ್ಯಕ್ಕೆ, ಅರ್ಜಿ ಬಂದ 120 ದಿನದೊಳಗೆ ಆಯೋಗ ಆದೇಶ ಕೊಡಬೇಕು. ಮುಂದಿನ ಮಾನ್ಸೂನಿನ ಒಂದು ಹನಿ ಬೀಳುವ ಮುಂಚೆಯೇ ಆ ವರ್ಷದ ಜಲವಿದ್ಯುತ್ ಇಷ್ಟು ಎಂದು ಬರೆಯಬೇಕು. ಆಶಾವಾದದಿಂದ ಹೆಚ್ಚು ಬರೆದರೆ ದರ ಆಗ ಕಡಿಮೆ ಕಾಣುತ್ತದೆ, ವ್ಯತ್ಯಾಸ ಆಮೇಲೆ ಗ್ರಾಹಕನ ತಲೆಗೇ ಬರುತ್ತದೆ. ಸಾರ್ವಜನಿಕ ವಿಚಾರಣೆಗೆ ಹೋಗುವವರು ಮೊದಲು ತೆರೆಯಬೇಕಾದ ಪುಟ ಇದೇ: ಹಿಂದಿನ ಹತ್ತು ವರ್ಷದ ನಿಜ ಉತ್ಪಾದನೆ, ಅದರ ಪಕ್ಕದಲ್ಲಿ ಈ ವರ್ಷದ ಅಂದಾಜು.

ತಿಂಗಳ ಬಿಲ್ಲು ಬಂದಾಗ ನಾಲ್ಕು ಅಂಕಿಗಳನ್ನು ತಾಳೆ ನೋಡಿ. ಲಭ್ಯತೆ ಲೋಡ್ ಡಿಸ್ಪ್ಯಾಚ್ ಸೆಂಟರಿನ ಪ್ರಮಾಣಪತ್ರದಲ್ಲಿರುವುದೇ ಆಗಿರಬೇಕು, ಸ್ಥಾವರದ ಸ್ವಂತ ಲೆಕ್ಕ ಅಲ್ಲ. ಯೂನಿಟ್ ಹೊರಹೋಗುವ ಮೀಟರಿನದ್ದಾಗಿರಬೇಕು. ಏಪ್ರಿಲ್‌ನಿಂದ ಕೂಡಿಸಿದ ಒಟ್ಟು ಡಿಸೈನ್ ಎನರ್ಜಿ ದಾಟಿದ ದಿನದಿಂದ ಮಿತಿಯ ದರ ಜಾರಿಯಾಗಿದೆಯೇ ನೋಡಬೇಕು. ಹಿಂದಿನ ವರ್ಷದ ಕೊರತೆ ವಸೂಲಾಗುತ್ತಿದ್ದರೆ ಎಷ್ಟು ತುಂಬಿತು, ಎಷ್ಟು ಬಾಕಿ ಎಂದು ಪ್ರತಿ ತಿಂಗಳೂ ಪ್ರತ್ಯೇಕ ಹಾಳೆಯಲ್ಲಿ ಬರೆಸಿಕೊಳ್ಳಿ. 27 ಕೋಟಿ ತುಂಬಿದ ಮೇಲೂ ವಸೂಲಿ ಮುಂದುವರಿದರೆ ಆ ಹಣ ಹೆಚ್ಚುವರಿಯಾಗಿ ಹೋಗುತ್ತದೆ.