ಉಪ್ಪಿನ ಗೊಂಬೆ, ಹಳೆಯ ಕಾರ್ಖಾನೆ: ಲೋ ಆಂಥೆಮ್ ತಂಡದ ಮೆಲುದನಿಯ ಹೋಲಿಕೆ

ಅಮೆರಿಕದ ರೋಡ್ ಐಲೆಂಡ್‌ನ ಜಾನಪದ ತಂಡ ‘ದಿ ಲೋ ಆಂಥೆಮ್’ 2018ರಲ್ಲಿ ‘ದಿ ಸಾಲ್ಟ್ ಡಾಲ್ ವೆಂಟ್ ಟು ಮೆಷರ್ ದಿ ಡೆಪ್ತ್ ಆಫ್ ದಿ ಸೀ’ ಎಂಬ ಆಲ್ಬಮ್ ತಂದಿತು. ಹೆಸರು ಕೇಳಿದ ಕೂಡಲೇ ನಮಗೆ ನೆನಪಾಗುವುದು ಸಮುದ್ರದ ಆಳ ಅಳೆಯಲು ಹೋಗಿ ಕರಗಿದ, ರಾಮಕೃಷ್ಣ ಪರಮಹಂಸರ ಕಥೆಯ ಉಪ್ಪಿನ ಗೊಂಬೆ. ಅದು ಆ ಕಥೆಯೇ. ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಅವರ ಜೀವನಚರಿತ್ರೆಯ ಮೂಲಕ ಗಾಯಕ ಬೆನ್ ನಾಕ್ಸ್ ಮಿಲ್ಲರ್‌ಗೆ ತಲುಪಿದೆ. 2016ರ ಪ್ರವಾಸದಲ್ಲಿ ತಂಡದ ವ್ಯಾನ್ ಅಪಘಾತಕ್ಕೀಡಾಗಿ ವಾದ್ಯಗಳು ಹಾಳಾದ ಮೇಲೆ ಹುಟ್ಟಿದ ಆಲ್ಬಮ್ ಇದು.

ಹಿಂದಿನ ಆಲ್ಬಮ್‌ಗಳೊಂದಿಗೆ ಇಟ್ಟು ನೋಡುವಾಗ ‘ಓ ಮೈ ಗಾಡ್, ಚಾರ್ಲಿ ಡಾರ್ವಿನ್’ (2008) ಜೊತೆಗಿನ ಹೋಲಿಕೆ ಬೇಗ ಮುಗಿಯುತ್ತದೆ. ಅದರಲ್ಲಿ ಮೆಲುದನಿಗೂ ಅಬ್ಬರಕ್ಕೂ ಸಮಪಾಲು. ಮೊದಲ ಹಾಡು ‘ಚಾರ್ಲಿ ಡಾರ್ವಿನ್’ನ ತೆಳುವಾದ ಕಳ್ಳದನಿಗೆ ತಕ್ಕಂತೆ ವಾಲ್ಯೂಮ್ ಇಟ್ಟರೆ, ನಾಲ್ಕನೆಯ ‘ದಿ ಹೊರೈಜನ್ ಈಸ್ ಎ ಬೆಲ್ಟ್‌ವೇ’ ಕಿವಿಗೆ ಬಡಿಯುತ್ತದೆ. ನಾಲ್ಕನೆಯದಕ್ಕೆ ಹೊಂದಿಸಿಕೊಂಡು ಮೊದಲಿಗೆ ಮರಳುವುದೇ ಸರಿ.

ನಿಜವಾದ ಪೈಪೋಟಿ ‘ಸ್ಮಾರ್ಟ್ ಫ್ಲೆಶ್’ (2011) ಜೊತೆ. ಸೆಂಟ್ರಲ್ ಫಾಲ್ಸ್ ಊರಿನ ಪಾಳುಬಿದ್ದ ಪಾಸ್ತಾ ಸಾಸ್ ಕಾರ್ಖಾನೆಯಲ್ಲಿ ಅದನ್ನು ಧ್ವನಿಮುದ್ರಿಸಿದರು. ಇಲ್ಲಿನ ನಿಶ್ಶಬ್ದ ಕಟ್ಟಡದ್ದು. ದನಿ ಗೋಡೆಗೆ ತಾಗಿ ಮರಳುವಷ್ಟರಲ್ಲಿ ಅದರ ಅಂಚು ಮೆತ್ತಗಾಗಿರುತ್ತದೆ. ನಮ್ಮ ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂಗೆ ದಾಯಾದಿಯಾದ ಪಂಪ್ ಆರ್ಗನ್, ಆ ಮರುದನಿಯಲ್ಲಿ ಮಂಜಿನಂತೆ ನಿಲ್ಲುತ್ತದೆ. ಆರನೆಯ ‘ವೈರ್’ನಲ್ಲಿ ಹಾಡೇ ಇಲ್ಲ, ಕ್ಲಾರಿನೆಟ್ ಮಾತ್ರ. ಇದನ್ನು ಕೋಣೆಯ ಸ್ಪೀಕರ್‌ನಲ್ಲೇ ಕೇಳಬೇಕು, ಸ್ಪೀಕರ್ ಗೋಡೆಯಿಂದ ಒಂದೆರಡು ಅಡಿ ಮುಂದಿರಲಿ. ಗೋಡೆಗೆ ಒತ್ತಿದರೆ ಕೆಳಸ್ವರಗಳು ಉಬ್ಬಿ, ಕಾರ್ಖಾನೆಯ ಮರುದನಿಯೆಲ್ಲ ಗುಂಯ್‌ಗುಟ್ಟುತ್ತದೆ.

ಉಪ್ಪಿನ ಗೊಂಬೆಯ ಮೌನ ಬೇರೆ ಜಾತಿಯದು. ಅಲ್ಲಿ ದೂರವಿತ್ತು, ಇಲ್ಲಿ ಸಾಮೀಪ್ಯ. ಮಿಲ್ಲರ್ ಕಿವಿಯ ಪಕ್ಕದಲ್ಲೇ ಪಿಸುಗುಟ್ಟುತ್ತಾರೆ. ಸುತ್ತಲಿನ ವಾದ್ಯ ಬಲು ಕಡಿಮೆ. ‘ಬೋನ್ ಆಫ್ ಸೇಲರ್, ಬೋನ್ ಆಫ್ ಬರ್ಡ್’ ಕೇಳಿದರೆ ತಿಳಿಯುತ್ತದೆ. ಇದಕ್ಕೆ ಹೆಡ್‌ಫೋನ್ ಬೇಕೇ ಬೇಕು. ಫೋನಿನ ಪುಟ್ಟ ಸ್ಪೀಕರ್ ಕೆಳಸ್ವರವನ್ನು ನುಂಗಿಬಿಡುತ್ತದೆ. ಆಗ ಹಾಡು ಬಡಕಲಾಗಿ, ‘ಏನೂ ಇಲ್ಲವಲ್ಲ’ ಅನಿಸುತ್ತದೆ. ವಾಲ್ಯೂಮ್ ಏರಿಸಿದರೂ ಹೋದದ್ದು ಬರುವುದಿಲ್ಲ.

ಹೋಲಿಸುವಾಗ ಆಗುವ ದೊಡ್ಡ ತಪ್ಪೊಂದಿದೆ. ಎರಡು ಮುದ್ರಣಗಳಲ್ಲಿ ತುಸು ಜೋರಾಗಿರುವುದೇ ಕಿವಿಗೆ ಚೆಂದ ಕೇಳುತ್ತದೆ. ಆದ್ದರಿಂದ ಗಾಯಕನ ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವಂತೆ ಹೊಂದಿಸಿಕೊಂಡೇ ತೀರ್ಪು ಕೊಡಬೇಕು. ಸ್ಪಾಟಿಫೈನಲ್ಲಿ ಧ್ವನಿಮಟ್ಟ ಸಮಗೊಳಿಸುವ ಸೌಲಭ್ಯವಿದೆ: ಆಲ್ಬಮ್ಮನ್ನು ಕ್ರಮವಾಗಿ ಕೇಳಿದರೆ ಹಾಡುಗಳ ನಡುವಿನ ಏರಿಳಿತ ಉಳಿಯುತ್ತದೆ, ಷಫಲ್ ಮಾಡಿದರೆ ಒಂದೊಂದು ಹಾಡನ್ನೂ ಪ್ರತ್ಯೇಕವಾಗಿ ಸಮಮಾಡುತ್ತದೆ. ಪಿಸುಮಾತು ‘ಸ್ಮಾರ್ಟ್ ಫ್ಲೆಶ್’ನ ‘ಬೋಯಿಂಗ್ 737’ ಹಾಡಿನ ಅಬ್ಬರದ ಸಮಕ್ಕೆ ಬಂದು ನಿಂತರೆ ಹೋಲಿಕೆಗೆ ಅರ್ಥವೇ ಉಳಿಯದು.

‘ಚಾರ್ಲಿ ಡಾರ್ವಿನ್’ಗೆ ಸರಿಸಾಟಿಯಾದ ಒಂದು ಬಿಡಿಹಾಡು ಹೊಸದರಲ್ಲಿಲ್ಲ, ನಿಜ. ಆದರೆ ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಕೂರಿಸುವುದು ಉಪ್ಪಿನ ಗೊಂಬೆಯೇ. ಹೊಸಬರು 2008ರದ್ದರಿಂದ ಶುರುಮಾಡಲಿ. ಅದು ಬೇಗ ಕೈಹಿಡಿಯುತ್ತದೆ. ‘ಸ್ಮಾರ್ಟ್ ಫ್ಲೆಶ್’ಗೆ ಸಂಜೆಯ ಖಾಲಿ ಕೋಣೆ ಸಾಕು. ಉಪ್ಪಿನ ಗೊಂಬೆಗೆ ಮಾತ್ರ ಫ್ಯಾನ್ ಆರಿಸಿ ಕೂರಬೇಕು.